ರಕ್ತದಲ್ಲಿ ಔಷಧದ ಮಟ್ಟ: ಶಿರಸಿಯಲ್ಲಿ ನಾವು ನೋಡಿಕೊಂಡು ಬಂದ ಕ್ರಮ

ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ), ಸಂಧಿವಾತದಂಥ ಕಾಯಿಲೆಗಳಿಗೆ ಕೊಡುವ ಎಲ್ಲ ಔಷಧಗಳ ಮಟ್ಟವನ್ನೂ ರಕ್ತದಲ್ಲಿ ಅಳೆಯಬೇಕೆಂದಿಲ್ಲ. ನಾವು ಅಳೆಯುವುದು ಮುಖ್ಯವಾಗಿ ಹೈಡ್ರಾಕ್ಸಿಕ್ಲೋರೋಕ್ವಿನ್, ಟ್ಯಾಕ್ರೋಲಿಮಸ್, ಕೆಲವರಲ್ಲಿ ಮೈಕೋಫಿನೋಲೇಟ್ ಮತ್ತು ಅಡಾಲಿಮುಮಾಬ್. ಪರೀಕ್ಷೆ ಬರೆಯುವ ಮೊದಲು ಚೀಟಿಯ ಹಿಂದೆ ಎರಡು ಸಾಲು ಬರೆದುಕೊಳ್ಳುತ್ತೇವೆ: ಮಟ್ಟ ಕಡಿಮೆ ಬಂದರೆ ಏನು ಮಾಡುವುದು, ಹೆಚ್ಚು ಬಂದರೆ ಏನು ಮಾಡುವುದು. ಎರಡಕ್ಕೂ ಉತ್ತರ ಒಂದೇ ಆದರೆ ಆ ಪರೀಕ್ಷೆ ಬೇಡ. ದುಡ್ಡು ಕೊಡುವವರು ರೋಗಿಗಳು, ನಾವಲ್ಲ.

ಹೈಡ್ರಾಕ್ಸಿಕ್ಲೋರೋಕ್ವಿನ್ ಸುಲಭದ್ದು. ದೇಹದಿಂದ ಅರ್ಧ ಹೊರಹೋಗಲು ಸುಮಾರು 40 ದಿನ ಬೇಕಾಗುವ ಔಷಧ ಇದು. ಹಾಗಾಗಿ ರಕ್ತ ತೆಗೆಯುವ ಹೊತ್ತಿಗೆ ಮಹತ್ವವಿಲ್ಲ. ಬೆಳಿಗ್ಗೆಯ ಗುಳಿಗೆ ನುಂಗಿ ಬಂದರೂ ನಡೆಯುತ್ತದೆ. ಆದರೆ ಶುರು ಮಾಡಿ ತಿಂಗಳಿಗೇ ನೋಡಿದರೆ ಅಂಕಿ ಕಡಿಮೆ ಇದ್ದೇ ಇರುತ್ತದೆ. ಮಟ್ಟ ನೆಲೆ ನಿಲ್ಲಲು ನಾಲ್ಕರಿಂದ ಆರು ತಿಂಗಳು ಬೇಕು. ಇಲ್ಲಿ ಗಮನಿಸಬೇಕಾದ್ದು ಮಾದರಿ. ಈ ಔಷಧ ರಕ್ತಕಣಗಳೊಳಗೆ ಸೇರಿಕೊಳ್ಳುವುದರಿಂದ ಅಳೆಯಬೇಕಾದ್ದು ಪೂರ್ಣ ರಕ್ತದಲ್ಲಿ: ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್, ಸೆಂಟ್ರಿಫ್ಯೂಜ್ ಮಾಡಬಾರದು. ಸೀರಂನಲ್ಲಿ, ಅಂದರೆ ಕಣಗಳನ್ನು ಬೇರ್ಪಡಿಸಿದ ರಕ್ತದ ದ್ರವದಲ್ಲಿ, ಅಳೆದರೆ ಅಂಕಿ ಬಹಳ ಕಡಿಮೆ ಬರುತ್ತದೆ. ಅದನ್ನು ಪೂರ್ಣ ರಕ್ತದ ಮಿತಿಗೆ ಹೋಲಿಸಿದರೆ ಗುಳಿಗೆ ಸರಿಯಾಗಿ ನುಂಗುವ ರೋಗಿಯನ್ನೇ ಸುಳ್ಳುಗಾರ್ತಿ ಮಾಡಿದಂತಾಗುತ್ತದೆ.

ಮಿಲಿಲೀಟರಿಗೆ 750ರಿಂದ 1200 ನ್ಯಾನೋಗ್ರಾಂ ಇದ್ದರೆ ಚೆನ್ನಾಗಿದೆ ಎಂದು ಇಟ್ಟುಕೊಂಡಿದ್ದೇವೆ. 200ಕ್ಕಿಂತ ಕೆಳಗೆ ಬಂದರೆ ಗುಳಿಗೆ ಹೊಟ್ಟೆಗೆ ಹೋಗುತ್ತಲೇ ಇಲ್ಲ ಎಂದರ್ಥ. ಆಸ್ಪತ್ರೆಗೆ ಬರುವ ಮುಂಚಿನ ನಾಲ್ಕು ದಿನ ಸರಿಯಾಗಿ ನುಂಗಿದರೆ ಈ ಅಂಕಿ ಏರುವುದಿಲ್ಲ, ಅದೇ ಇದರ ಗುಣ. ವರದಿ ಹಿಡಿದು ಗದರಿದರೆ ಮಾತ್ರ ಮುಂದಿನ ಸಲ ರೋಗಿ ಬರುವುದೇ ಇಲ್ಲ. "ಅಕ್ಕಾ, ಈ ಗುಳಿಗೆ ವಾರಕ್ಕೆ ಎಷ್ಟು ದಿನ ತಪ್ಪುತ್ತು?" ಎಂದು ಕೇಳುತ್ತೇವೆ, ತಪ್ಪುತ್ತದೆ ಎಂದೇ ಹಿಡಿದು. ಉತ್ತರ ಬಹುತೇಕ ಒಂದೇ: ಗುಳಿಗೆ ಉಷ್ಣ, ಬೇಸಿಗೆಯಲ್ಲಿ ಬಿಟ್ಟಿದ್ದೆ. ಊಟದ ಜೊತೆ, ರಾತ್ರಿ ತೆಗೆದುಕೊಳ್ಳಲು ಹೇಳಿದರೆ ಅರ್ಧ ತಕರಾರು ಹೋಗುತ್ತದೆ.

ಅಂಕಿ 1200 ದಾಟಿದರೆ ಮೊದಲು ತೂಕ ಮತ್ತು ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ) ನೋಡಬೇಕು. ದಿನಕ್ಕೆ ಒಂದು ಕಿಲೋ ತೂಕಕ್ಕೆ 5 ಮಿಲಿಗ್ರಾಂ ಮೀರಬಾರದು. 50 ಕಿಲೋ ಇದ್ದವರಿಗೆ 250 ಮಿಲಿಗ್ರಾಂ, ಅಂದರೆ ಒಂದು ದಿನ 200ರ ಗುಳಿಗೆ, ಮರುದಿನ 300ರದ್ದು. ಎಲ್ಲರಿಗೂ 400 ಬರೆದುಬಿಡುವ ರೂಢಿ ಇನ್ನೂ ಹೋಗಿಲ್ಲ. ಮೂತ್ರಪಿಂಡ ಸೋತವರಲ್ಲಿ ಅದೇ ಡೋಸಿಗೆ ಮಟ್ಟ ಏರುತ್ತದೆ, ಕಣ್ಣಿನ ಅಕ್ಷಿಪಟಲಕ್ಕೆ ಅಪಾಯವೂ ಏರುತ್ತದೆ. ಮಟ್ಟ ಸರಿಯಿದೆ ಎಂದು ಕಣ್ಣಿನ ತಪಾಸಣೆ ಬಿಡುವಂತಿಲ್ಲ: ಮೊದಲ ವರ್ಷದಲ್ಲೊಮ್ಮೆ, ಐದು ವರ್ಷ ಕಳೆದ ಮೇಲೆ ಪ್ರತಿವರ್ಷ. ಮೂತ್ರಪಿಂಡದ ತೊಂದರೆ ಇದ್ದರೆ ಐದು ವರ್ಷ ಕಾಯುವುದು ಬೇಡ.

ಟ್ಯಾಕ್ರೋಲಿಮಸ್‌ನದು ಇದಕ್ಕೆ ಪೂರಾ ಉಲ್ಟಾ. ಇಲ್ಲಿ ಹೊತ್ತೇ ಎಲ್ಲ. ಲೂಪಸ್‌ನಿಂದ ಮೂತ್ರಪಿಂಡ ಕೆಟ್ಟವರಿಗೆ ಕೊಡುವಾಗ ಹಿಂದಿನ ಡೋಸ್ ಆಗಿ 12 ಗಂಟೆಗೆ, ಮುಂದಿನ ಡೋಸಿಗೆ ಮುನ್ನ ರಕ್ತ ತೆಗೆಯಬೇಕು. ಅರ್ಧ ಗಂಟೆ ಆಚೀಚೆ ನಡೆಯುತ್ತದೆ, ಅದಕ್ಕಿಂತ ಹೆಚ್ಚಲ್ಲ. ಸಿದ್ದಾಪುರ, ಯಲ್ಲಾಪುರ ಕಡೆಯಿಂದ ಬಸ್ಸಿನಲ್ಲಿ ಬರುವವರಿಗೆ ಬೆಳಿಗ್ಗೆ 7ಕ್ಕೆ ಬನ್ನಿ ಎನ್ನಲಾಗದು. ಅದಕ್ಕೆ ಅಂಥವರಿಗೆ ಮೊದಲಿನಿಂದಲೇ ಕ್ಯಾಪ್ಸೂಲಿನ ಹೊತ್ತನ್ನು ಬೆಳಿಗ್ಗೆ 9.30, ರಾತ್ರಿ 9.30 ಎಂದು ಗೊತ್ತು ಮಾಡಿಬಿಡುತ್ತೇವೆ. ಬೆಳಿಗ್ಗೆಯ ಕ್ಯಾಪ್ಸೂಲ್ ಕಿಸೆಯಲ್ಲಿರಲಿ, ರಕ್ತ ಕೊಟ್ಟ ಮೇಲೆ ಇಲ್ಲೇ ನುಂಗಿ ಎಂದು ಚೀಟಿಯಲ್ಲಿ ದೊಡ್ಡದಾಗಿ ಬರೆಯುತ್ತೇವೆ. ಆದರೂ ಅಭ್ಯಾಸಬಲದಿಂದ ಮನೆಯಲ್ಲೇ ನುಂಗಿ ಬರುವವರು ಇದ್ದೇ ಇರುತ್ತಾರೆ. ಅವರ ರಕ್ತ ತೆಗೆಯದೆ ಕಳಿಸುವುದೇ ಸರಿ. ಡೋಸಿನ ಎರಡು ಗಂಟೆ ನಂತರದ ಅಂಕಿ 15 ಬಂದರೆ ಅದು ಹೆಚ್ಚೋ ಸರಿಯೋ ಯಾರೂ ಹೇಳಲಾರರು, ಆದರೆ ಡೋಸ್ ಇಳಿಸುವ ಕೈ ಮಾತ್ರ ಸುಮ್ಮನಿರುವುದಿಲ್ಲ.

ಡೋಸ್ ಬದಲಿಸಿದ ಮೇಲೆ ಕನಿಷ್ಠ ಮೂರು ದಿನ ಬಿಟ್ಟು ನೋಡಬೇಕು. ನಾವು ವಾರ ಬಿಡುತ್ತೇವೆ. ಬೇಕಾದ ಮಟ್ಟ ಮಿಲಿಲೀಟರಿಗೆ 4ರಿಂದ 10 ನ್ಯಾನೋಗ್ರಾಂ. ಲ್ಯಾಬಿನ ವರದಿಯಲ್ಲಿ ಅಚ್ಚಾಗಿರುವ ಮಿತಿ ಸಾಮಾನ್ಯವಾಗಿ ಕಿಡ್ನಿ ಕಸಿ ಆದವರದ್ದು, ಮೇಲಿನ ಗೆರೆ 15 ಅಥವಾ 20 ಇರುತ್ತದೆ. ಲೂಪಸ್ ರೋಗಿಗೆ 13 ಬಂದರೂ ವರದಿ 'ಸರಿ' ಎನ್ನುತ್ತದೆ. ಆ ಅಂಕಣವನ್ನು ಹೊಡೆದುಹಾಕಿ ನಮ್ಮ ಮಿತಿ ಪೆನ್ನಿನಲ್ಲಿ ಬರೆದು ಕೊಡುತ್ತೇವೆ. ರಕ್ತಹೀನತೆ ತೀವ್ರವಿದ್ದರೆ ಪೂರ್ಣ ರಕ್ತದ ಅಂಕಿ ಕಡಿಮೆ ಕಾಣುತ್ತದೆ, ಏಕೆಂದರೆ ಈ ಔಷಧವೂ ಕೆಂಪುಕಣಗಳಲ್ಲೇ ಕೂತಿರುತ್ತದೆ. ಹಿಮೋಗ್ಲೋಬಿನ್ 7 ಇರುವವರಲ್ಲಿ ಅಂಕಿ ನೋಡಿ ಡೋಸ್ ಏರಿಸುವ ಮುನ್ನ ಯೋಚಿಸಬೇಕು.

ಅಂಕಿ ದಿಢೀರನೆ ಏರಿದರೆ ನಮ್ಮ ಮೊದಲ ಪ್ರಶ್ನೆ: "ಹುಳುಕಡ್ಡಿಗೆ ಗುಳಿಗೆ ತಗಂಡ್ರಾ?" ಮಳೆಗಾಲದಲ್ಲಿ ಕುಮಟಾ, ಹೊನ್ನಾವರದ ಕಡೆ ಒದ್ದೆ ಬಟ್ಟೆಯಲ್ಲೇ ಕೆಲಸ ಮಾಡುವವರಿಗೆ ಹುಳುಕಡ್ಡಿ ಬಿಟ್ಟಿದ್ದಲ್ಲ. ಇಟ್ರಾಕೊನಜೋಲ್ ಔಷಧದಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಅದು ಔಷಧ ಒಡೆಯುವ ಯಕೃತ್ತಿನ ಕಿಣ್ವವನ್ನು ತಡೆದು ಟ್ಯಾಕ್ರೋಲಿಮಸ್ ಮಟ್ಟವನ್ನು ಎರಡು ಮೂರು ಪಟ್ಟು ಮಾಡಬಲ್ಲದು. ಫ್ಲುಕೊನಜೋಲ್, ಕ್ಲಾರಿತ್ರೋಮೈಸಿನ್, ಡಿಲ್ಟಿಯಾಜೆಮ್ ಕೂಡ ಏರಿಸುತ್ತವೆ. ಚಕ್ಕೋತ ಹಣ್ಣೂ ಹಾಗೆಯೇ. ಟರ್ಬಿನಾಫಿನ್‌ಗೆ ಈ ತಂಟೆ ಇಲ್ಲ. ಭೇದಿ ಹತ್ತಿದಾಗಲೂ ಮಟ್ಟ ಏರುತ್ತದೆ, ಇಳಿಯುವುದಿಲ್ಲ. ಇದನ್ನು ಬಹಳ ಮಂದಿ ತಿರುಗಾಮುರುಗಾ ತಿಳಿಯುತ್ತಾರೆ. ಇಳಿಸುವುದರಲ್ಲಿ ದೊಡ್ಡದು ಕ್ಷಯದ ರಿಫಾಂಪಿಸಿನ್, ಆಮೇಲೆ ಫೆನಿಟಾಯಿನ್. ಮಟ್ಟದ ಜೊತೆಗೇ ಕ್ರಿಯಾಟಿನಿನ್, ಪೊಟ್ಯಾಸಿಯಂ ಕಳಿಸುತ್ತೇವೆ. ಟ್ಯಾಕ್ರೋಲಿಮಸ್ ಪೊಟ್ಯಾಸಿಯಂ ಏರಿಸುತ್ತದೆ, ಜೊತೆಗೆ ಅದನ್ನೇ ಮಾಡುವ ಬಿಪಿ ಗುಳಿಗೆ ಟೆಲ್ಮಿಸಾರ್ಟನ್ ಇರುತ್ತದೆ, ಮೇಲೆ ದಿನಾ ಎರಡು ಎಳನೀರು. ಕರಾವಳಿಯಲ್ಲಿ ಎಳನೀರಿನ ಲೆಕ್ಕ ಕೇಳದೆ ಬಿಡಬಾರದು.

ಮಾದರಿ ಕಳಿಸುವುದು ಬೇರೆಯೇ ಕೆಲಸ. ಟ್ಯೂಬನ್ನು ಗುರುತಿನ ಗೆರೆಯ ತನಕ ತುಂಬಿ, ಕೂಡಲೇ ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು. ಸಣ್ಣ ಹೆಪ್ಪುಗಟ್ಟಿದ್ದರೂ ಲ್ಯಾಬಿನವರು ವಾಪಸು ಕಳಿಸುತ್ತಾರೆ. 2ರಿಂದ 8 ಡಿಗ್ರಿಯಲ್ಲಿ ಇಟ್ಟರೆ ಪೂರ್ಣ ರಕ್ತದಲ್ಲಿ ಟ್ಯಾಕ್ರೋಲಿಮಸ್ ದಿನಗಟ್ಟಲೆ ಕೆಡುವುದಿಲ್ಲ. ಐಸ್‌ಪ್ಯಾಕಿಗೆ ಟ್ಯೂಬ್ ನೇರ ತಾಗದಂತೆ ಪೇಪರ್ ಸುತ್ತಬೇಕು. ಸೋಮವಾರದಿಂದ ಬುಧವಾರದೊಳಗೆ ಮಾತ್ರ ತೆಗೆಯುತ್ತೇವೆ. ಶನಿವಾರದ ಮಾದರಿ ಕೊರಿಯರ್ ಆಫೀಸಿನಲ್ಲಿ ಬೆಚ್ಚಗೆ ಕೂರುತ್ತದೆ. ಜುಲೈನಲ್ಲಿ ಘಟ್ಟದ ಕೆಳಗಿನವರನ್ನು ಇದಕ್ಕಾಗಿ ಮೇಲೆ ಕರೆಸುವುದಿಲ್ಲ. 2024ರ ಜುಲೈ 16ರಂದು ಶಿರೂರು ಗುಡ್ಡ ಕುಸಿದು ಹೆದ್ದಾರಿಯೇ ನಿಂತಿತ್ತು. ಶಿರಸಿಯಿಂದ ಹುಬ್ಬಳ್ಳಿಗೆ ಘಟ್ಟವಿಲ್ಲದ ದಾರಿ, ಮಾದರಿ ಹೋಗುವುದು ಅಲ್ಲಿಂದಲೇ. ಚೀಟಿಯಲ್ಲಿ ಕೊನೆಯ ಡೋಸಿನ ಹೊತ್ತು, ರಕ್ತ ತೆಗೆದ ಹೊತ್ತು ಎರಡೂ ಇರಬೇಕು. ಪ್ರತಿಸಲ ಅದೇ ಲ್ಯಾಬ್, ಏಕೆಂದರೆ ಅಳೆಯುವ ವಿಧಾನ ಬೇರೆಯಾದರೆ ಅಂಕಿಯೂ ಬೇರೆ: ಇಮ್ಯುನೊಅಸ್ಸೇ ಅಂಕಿ ಸಾಮಾನ್ಯವಾಗಿ ಮಾಸ್ ಸ್ಪೆಕ್ಟ್ರೋಮೆಟ್ರಿಗಿಂತ ಹೆಚ್ಚು ಬರುತ್ತದೆ.

ಮೈಕೋಫಿನೋಲೇಟ್‌ಗೆ ಒಂದೇ ಮಾದರಿಯಿಂದ ಏನೂ ತಿಳಿಯದು. ಡೋಸಿಗೆ ಮುನ್ನ ಒಂದು, ನಂತರ ಲ್ಯಾಬ್ ಹೇಳಿದ ಹೊತ್ತುಗಳಲ್ಲಿ ಇನ್ನೆರಡು ತೆಗೆದು 12 ಗಂಟೆಯ ಒಟ್ಟು ಮೊತ್ತ ಅಂದಾಜಿಸಬೇಕು. ಲೀಟರಿಗೆ 30ರಿಂದ 60 ಮಿಲಿಗ್ರಾಂ-ಗಂಟೆ ಬಂದರೆ ಸಾಕು. ಕಡಿಮೆ ಬಂದವರಲ್ಲಿ ಹೊಟ್ಟೆಯ ಆಮ್ಲ ಇಳಿಸುವ ಪ್ಯಾಂಟೊಪ್ರಜೋಲ್, ಆಂಟಾಸಿಡ್ ಜೊತೆಗಿದೆಯೇ ನೋಡಿ, ಅವು ಮಟ್ಟ ಇಳಿಸುತ್ತವೆ.

ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟ್ ಮಟ್ಟ ಮಾತ್ರ ಬರೆಯುವುದೇ ಇಲ್ಲ. ಒಂದೆರಡು ದಿನದಲ್ಲಿ ರಕ್ತದಿಂದ ಅದು ಮಾಯ, ಕೆಲಸ ನಡೆಯುವುದು ಜೀವಕೋಶದೊಳಗೆ. ವಾರದ್ದನ್ನು ತಪ್ಪಿ ದಿನಾ ನುಂಗಿ ಬಾಯಿ ಹುಣ್ಣಾಗಿ, ಬಿಳಿಕಣ ಇಳಿದು ಬಂದವರಲ್ಲೂ ಮಟ್ಟ ಸೊನ್ನೆ ಇರಬಹುದು. ಆ ಸೊನ್ನೆ ನೋಡಿ ಸಮಾಧಾನಪಟ್ಟು ಅದರ ವಿಷ ಇಳಿಸುವ ಫೋಲಿನಿಕ್ ಆಸಿಡ್ ಕೊಡಲು ತಡ ಮಾಡಬಾರದು.

ಅಡಾಲಿಮುಮಾಬ್‌ಗೆ ಎಲ್ಲರಲ್ಲೂ ವಾಡಿಕೆಯಾಗಿ ಮಟ್ಟ ನೋಡುವುದನ್ನು ಯುರೋಪಿನ ಸಂಧಿರೋಗ ತಜ್ಞರ ಒಕ್ಕೂಟ ಯೂಲಾರ್ 2022ರಲ್ಲಿ ಹೇಳಿಲ್ಲ. ಔಷಧದ ಕೆಲಸ ನಿಂತಾಗ ನೋಡಬಹುದು ಎಂದಿದೆ. ಇನ್ಫ್ಲಿಕ್ಸಿಮಾಬ್‌ನಲ್ಲಿ (ಇದೇ ಜಾತಿಯ ಇನ್ನೊಂದು ಔಷಧ) 2021ರ ನಾರ್ವೆಯ ಎರಡು ಅಧ್ಯಯನಗಳ ಪೈಕಿ ಶುರುವಿನ ಹಂತದ್ದರಲ್ಲಿ ಮಟ್ಟ ನೋಡಿದ್ದರಿಂದ ಲಾಭ ಕಾಣಲಿಲ್ಲ, ಮುಂದುವರಿಕೆಯ ಹಂತದ್ದರಲ್ಲಿ ಕಂಡಿತು. ನಾವು ನೋಡುವುದು ಗಂಟು ಮತ್ತೆ ಊದಿದಾಗ, ಮುಂದಿನ ಇಂಜೆಕ್ಷನ್ ದಿನ, ಚುಚ್ಚುವ ಮುನ್ನ, ಸೀರಂನಲ್ಲಿ. ಮಟ್ಟ ಮಿಲಿಲೀಟರಿಗೆ 5ರಿಂದ 8 ಮೈಕ್ರೋಗ್ರಾಂ ಇದ್ದೂ ಗಂಟು ಊದಿದ್ದರೆ ಆ ಜಾತಿಯ (ಉರಿಯೂತ ತರುವ ಟಿಎನ್‌ಎಫ್ ತಡೆಯುವ) ಔಷಧವೇ ಒಗ್ಗುತ್ತಿಲ್ಲ, ಬೇರೆ ಬಗೆಯದಕ್ಕೆ ಹೋಗುವುದು. ಮಟ್ಟ ಇಲ್ಲ, ಔಷಧದ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ ಇದೆ ಎಂದರೆ ಅದೇ ಜಾತಿಯ ಇನ್ನೊಂದು. ಮಟ್ಟವೂ ಇಲ್ಲ, ಪ್ರತಿಕಾಯವೂ ಇಲ್ಲ ಎಂದರೆ ಮನೆಯ ಫ್ರಿಜ್ಜಿನ ಕತೆ ಕೇಳಬೇಕು: ಮಳೆಗಾಲದಲ್ಲಿ ಕರೆಂಟು ಎಷ್ಟು ಹೊತ್ತು ಹೋಗಿತ್ತು, ಪೆನ್ ಫ್ರೀಜರ್ ಪಕ್ಕ ಇತ್ತೇ, ಹದಿನೈದು ದಿನದ್ದನ್ನು ದುಡ್ಡಿಗಾಗಿ ತಿಂಗಳಿಗೆ ಎಳೆದರೇ. ಒಮ್ಮೆ ಗಟ್ಟಿಯಾದ ಪೆನ್ ಕರಗಿದ ಮೇಲೆ ನೋಡಲು ಹೊಸದರಂತೆಯೇ ಇರುತ್ತದೆ, ಆದರೆ ಬಳಸುವಂತಿಲ್ಲ.