ಮನ್ಯಾಗಿನ ಹಿರಿಯರಿಗೆ ನೆನಪಿನ ಟೆಸ್ಟ್ ಮಾಡಿಸೋದು ಹೆಂಗ?

ಮುತ್ಯಾ ಕೇಳಿದ್ದನ್ನೇ ನಾಕು ಸಲ ಕೇಳಿದ್ರ "ಅರವತ್ತಕ್ಕ ಅರಳು ಮರಳು" ಅಂದು ಸುಮ್ನಾಗೋದು ನಮ್ಮ ಕಡೆ ರೂಢಿ. ಈ ಗಾದಿ ಎಷ್ಟು ಮಂದಿಗೆ ಸಿಗಬೇಕಾದ ಔಷಧ ತಪ್ಪಿಸೇತಿ ಅಂತ ನೆನಸಿಕೊಂಡ್ರ ಸಂಕಟ ಆಗ್ತದ. 2023ರಾಗ ಬಂದ ದೇಶದ ದೊಡ್ಡ ಅಧ್ಯಯನದ ಪ್ರಕಾರ 60 ದಾಟಿದವರೊಳಗ ಡಿಮೆನ್ಶಿಯಾ (ದಿನದ ಕೆಲಸಕ್ಕ ಅಡ್ಡಿ ಆಗುವಷ್ಟು ನೆನಪು, ಬುದ್ಧಿ ಕುಂದೋ ರೋಗ) ಇರೋದು ಶೇ 7.4 ಮಂದಿಗೆ, ಅಂದ್ರ ವಯಸ್ಸಾದವ್ರಿಗೆಲ್ಲ ಬರೋದಲ್ಲ ಇದು. ಚಾವಿ ಎಲ್ಲಿಟ್ಟೆ ಅಂತ ಮರತು ಆಮ್ಯಾಲ ನೆನಪಾದ್ರ ಚಿಂತಿ ಬ್ಯಾಡ. ದಿನಾ ಹೋಗೋ ಹೊಲದ ದಾರಿ ತಪ್ಪಿದ್ರ, ಉಂಡು ಕೈ ತೊಳಕೊಂಡವ್ರು ಮತ್ತ "ಊಟಕ್ಕ ನೀಡ್ರಿ" ಅಂದ್ರ, ಸಂತ್ಯಾಗ ಚಿಲ್ಲರ ಲೆಕ್ಕ ಹತ್ತದಂಗಾದ್ರ ತಡ ಮಾಡಬ್ಯಾಡ್ರಿ.

ಮೊದಲು ಮನ್ಯಾಗ ಕುಂತು ಒಂದು ಹಾಳಿ ಮ್ಯಾಲ ಬರ್ಕೊಳ್ರಿ. ಬದಲಾವಣೆ ಯಾವಾಗಿಂದ ಶುರುವಾತು, ಯಾವ ಕೆಲಸ ಮೊದಲು ಮಾಡ್ತಿದ್ರು ಈಗ ಆಗವಲ್ದು, ಸಿಟ್ಟು ಅನುಮಾನ ಹೆಚ್ಚಾಗೇತೇನು. ಎರಡು ಮೂರು ದಿನದಾಗ ಒಮ್ಮೆಲೆ ಗೊಂದಲ ಆಗಿ ಮನ್ಯಾಗಿನವ್ರ ಗುರುತು ಸಿಗದಂಗಾದ್ರ ಅದು ಟೆಸ್ಟಿನ ಮಾತಲ್ಲ, ಉರಿಮೂತ್ರದ ಸೋಂಕು, ರಕ್ತದಾಗ ಸೋಡಿಯಂ ಇಳಿಯೋದು, ಬಿದ್ದು ತಲಿಗೆ ಪೆಟ್ಟಾಗಿದ್ದು ಏನರ ಇರಬಹುದು, ಅವತ್ತೇ ದವಾಖಾನಿಗೆ ಓಡ್ರಿ.

ಆಮ್ಯಾಲ ಮರೆವಿಗೆ ಬ್ಯಾರೆ ಕಾರಣ ಐತೇನು ನೋಡಿಸಬೇಕು. ಬಿ12, ಥೈರಾಯ್ಡ್, ಶುಗರ್ ರಕ್ತ ಪರೀಕ್ಷೆ ಮಾಡಿಸ್ರಿ, ಕಣ್ಣು ಕಿವಿ ತೋರಸ್ರಿ. ತಗೋಳೋ ಗುಳಿಗಿ ಎಲ್ಲಾ, ನಿದ್ದಿ ಗುಳಿಗಿ ನೆಗಡಿ ಗುಳಿಗಿ ಸುದ್ದಾ, ಒಂದು ಚೀಲದಾಗ ಹಾಕ್ಕೊಂಡು ಹೋಗ್ರಿ. ಜೋಡಿ ತೀರಿಕೊಂಡ ಮ್ಯಾಲ ಮಾತು ಬಿಟ್ಟು ಮೂಲಿ ಹಿಡದವ್ರಿಗೆ ಖಿನ್ನತೆ ಇರಬಹುದು, ಅದೂ ಮರೆವಿನಂಗೇ ಕಾಣ್ತದ. ಇವೆಲ್ಲ ಚಿಕಿತ್ಸೆಗೆ ಬಗ್ಗೋವು.

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಅದಾವ, ಅಲ್ಲಿ ಮಾನಸಿಕ ರೋಗ ವಿಭಾಗದ ಒಪಿಡಿಯೊಳಗ ಕೇಳ್ರಿ. "ಹುಚ್ಚರ ಡಾಕ್ಟರ ಹತ್ರ ಯಾಕ" ಅನ್ನೋ ಮಂದಿ ಮಾತು ಕಿವಿಗೆ ಹಾಕ್ಕೋಬ್ಯಾಡ್ರಿ. ಹೋಗೋಕ ಮೊದಲು ಮಾತಾಡಬೇಕಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ರಿ, ಕನ್ನಡದಾಗ ಮಾತಾಡ್ತಾರ, ಪುಕ್ಕಟೆ.

ಟೆಸ್ಟಿನ ದಿನ ಮುಂಜಾನಿನೇ ಕರ್ಕೊಂಡು ಹೋಗ್ರಿ, ನಾಷ್ಟಾ ಆಗಿರಲಿ, ಚಷ್ಮಾ ಕಿವಿ ಮಷಿನ್ ಮರೀಬ್ಯಾಡ್ರಿ. ಭಾಷೆ ಬಗ್ಗೆ ಗಟ್ಟಿಯಾಗಿ ಹೇಳ್ರಿ. ನಿಜಾಮರ ಕಾಲದಾಗ ರಾಯಚೂರು ಕೊಪ್ಪಳ ಕಡೆ ಉರ್ದುವಿನಾಗ ಓದಿದವ್ರು, ಬಳ್ಳಾರಿ ಮದ್ರಾಸಿಗೆ ಸೇರಿದ್ದಾಗ ತೆಲುಗಿನಾಗ ಅಕ್ಷರ ಕಲ್ತವ್ರು ಇನ್ನೂ ಇದ್ದಾರ, ಅವ್ರಿಗೆ ಯಾವ ಭಾಷೆ ಸಲೀಸೋ ಅದ್ರಾಗೇ ಕೇಳಬೇಕು. ಎಷ್ಟನೇತ್ತ ಓದ್ಯಾರ ಅನ್ನೋದೂ ಮೊದಲೇ ತಿಳಸ್ರಿ. ಇನ್ನೊಂದು ಮಾತು, ಒಳಗ ಸೊಸಿ ಮಗ ಯಾರೂ ಉತ್ತರ ಹೇಳಿಕೊಡಬಾರದು. "ಅಯ್ಯ ಎಪ್ಪಾ, ಇವತ್ತು ಸೋಮಾರ ಅಲ್ಲೇನು" ಅಂದುಬಿಟ್ರ ಆ ಪ್ರಶ್ನೆ ಕೆಟ್ಟಂಗ.

ಒಳಗ ಏನು ಮಾಡಸ್ತಾರ? ಮೂರೋ ಐದೋ ಶಬ್ದ ಹೇಳಿ ಸ್ವಲ್ಪ ಹೊತ್ತು ಬಿಟ್ಟು ಕೇಳ್ತಾರ. ಒಂದು ನಿಮಿಷದಾಗ ಎಷ್ಟು ಪ್ರಾಣಿ ಹೆಸರು ಬರ್ತಾವ ನೋಡ್ತಾರ, ಒಬ್ಬರು ಎತ್ತು ಎಮ್ಮಿ ಕುರಿ ಮುಗಿಸಿ ದರೋಜಿ ಕರಡಿ ತನಕ ಹೋಗ್ತಾರ, ಇನ್ನೊಬ್ಬರು ಎತ್ತು ಎಮ್ಮಿ ಅಂದು ಮತ್ತ ಎತ್ತಿಗೇ ಬರ್ತಾರ. ನನಗ ಗಡಿಯಾರದ ಟೆಸ್ಟ್ ಬಾಳ ಅರ್ಥದ್ದು ಅನ್ನಸ್ತದ. ಖಾಲಿ ಹಾಳಿ ಕೊಟ್ಟು ಗಡಿಯಾರ ಬರೀರಿ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಸ್ರಿ ಅಂತಾರ. ದೊಡ್ಡ ಮುಳ್ಳು 2ರ ಮ್ಯಾಲ ಬರಬೇಕು, ಆದ್ರ ಮಿದುಳಿನ ಯೋಜನೆ ಮಾಡೋ ಶಕ್ತಿ ಕುಂದಿದವ್ರು "ಹತ್ತು" ಅನ್ನೋದು ಕೇಳಿ ನೇರ 10ರ ಮ್ಯಾಲೇ ಇಡ್ತಾರ.

ಇನ್ನ ಸ್ಕೋರ್. ನೆನಪು, ಬುದ್ಧಿ ಅಳಿಯೋಕ ಡಾಕ್ಟ್ರು ಹೆಚ್ಚಾಗಿ ಬಳಸೋ ಟೆಸ್ಟ್ ಎರಡು, 1975ರ ಎಂಎಂಎಸ್‌ಇ, 2005ರ ಮೋಕಾ, ಎರಡೂ 30 ಅಂಕದವು. ಮೋಕಾದೊಳಗ ಸಾಮಾನ್ಯವಾಗಿ 26ಕ್ಕಿಂತ ಕಡಿಮಿ ಬಂದ್ರ ಮುಂದ ತಪಾಸಣೆ ಬೇಕಂತಾರ, 12 ವರ್ಷ ಅಥವಾ ಕಡಿಮಿ ಓದಿದವ್ರಿಗೆ ಒಂದು ಅಂಕ ಸೇರಸ್ತಾರ. ಆದ್ರ ಶಾಲಿ ಮೆಟ್ಟಲಾ ಹತ್ತದ ಅವ್ವಗ ಪೆನ್ನು ಹಿಡಿಯೋದೇ ಹೊಸದು, ಅಕಿಗೆ ಈ ಅಳತೆ ಹಚ್ಚಿ ರೋಗ ಅನ್ನೋದು ಅನ್ಯಾಯ. ತಾರೀಕು ಗೊತ್ತಿಲ್ಲದವ್ರು ಅಮಾಸಿಗೆ ಎಷ್ಟು ದಿನ, ಕೊಪ್ಪಳದ ಗವಿಮಠದ ಜಾತ್ರಿ ಆಗಿ ಎಷ್ಟು ತಿಂಗಳಾತು ಅಂತ ಥಟ್ಟನೆ ಹೇಳ್ತಾರ. ಹರಿಯಾಣದ ಬಲ್ಲಭಗಢ ಹಳ್ಳಿಗಳ ಓದದವ್ರಿಗಂತ ಮಾಡಿದ ಹಿಂದಿ ಟೆಸ್ಟ್ ಐತಿ, ಮೋಕಾಗೂ ಬೇಸಿಕ್ ಅನ್ನೋ ರೂಪ ಐತಿ, ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕನ್ನಡಕ್ಕೂ ಟೆಸ್ಟ್ ತಯಾರ ಮಾಡಸೇತಿ. "ಓದದವ್ರಿಗೆ ಹೊಂದೋ ಟೆಸ್ಟ್ ಹಚ್ರಿ ಡಾಕ್ಟ್ರೆ" ಅಂತ ಕೇಳೋಕ ಸಂಕೋಚ ಬ್ಯಾಡ. ನೀವು ಬರದ ಹಾಳಿ ಇಲ್ಲೇ ಕೆಲಸಕ್ಕ ಬರೋದು, ಬರೇ ಅಂಕದ ಮ್ಯಾಲ ಡಿಮೆನ್ಶಿಯಾ ಅಂತ ಹೇಳಂಗಿಲ್ಲ, ದಿನದ ಕೆಲಸದಾಗ ಏನು ಕಳಕೊಂಡಾರ ಅನ್ನೋದು ಬೇಕೇ ಬೇಕು.

ವರದಿ ಜೆರಾಕ್ಸ್ ತಪ್ಪದೆ ಇಸ್ಕೊಳ್ರಿ. ವಾರದಾಗ ಇನ್ನೊಂದು ಕಡೆ ಅದೇ ಟೆಸ್ಟ್ ಮಾಡಿಸಿದ್ರ ರೂಢಿ ಆಗಿ ಅಂಕ ಏರ್ತದ, ಅದನ್ನ ಸುಧಾರಣೆ ಅನ್ಕೋಬ್ಯಾಡ್ರಿ. ಡಾಕ್ಟರು ಬ್ಯಾರೆ ಹೇಳದಿದ್ರ ಆರು ತಿಂಗಳೋ ವರ್ಷವೋ ಬಿಟ್ಟು, ಅದೇ ಭಾಷೆಯಾಗ, ಹಳೇ ಹಾಳಿ ಪಕ್ಕ ಇಟ್ಟು ನೋಡಬೇಕು. ಸಣ್ಣ ಪ್ರಮಾಣದ ಮರೆವು ಅಂತ ಬಂದ್ರ ಅದು ಎಲ್ಲಾರಿಗೂ ಡಿಮೆನ್ಶಿಯಾ ಆಗೋದಿಲ್ಲ, ಕೆಲವರದು ಅಲ್ಲೇ ನಿಲ್ತದ, ಕೆಲವರು ಸುಧಾರಸ್ತಾರ. ಬಿಪಿ ಶುಗರ್ ಹಿಡಿತದಾಗ ಇಡ್ರಿ, ಕಿವಿ ಕೇಳದಿದ್ರ ಮಷಿನ್ ಹಾಕಸ್ರಿ, ಬೀಡಿ ಬಿಡಸ್ರಿ, ಬ್ಯಾಂಕು ಹೊಲದ ಕಾಗದದ ಮಾತು ಇದ್ರ ಅವ್ರಿಗೆ ತಿಳಿಯೋ ಹೊತ್ತಿನಾಗೇ ಅವ್ರನ್ನ ಕುಂದರಿಸಿಕೊಂಡು ಅವ್ರ ಇಚ್ಛಾ ಏನೈತಿ ಕೇಳ್ರಿ.