ಕೊಲೊನೋಸ್ಕೋಪಿಗೆ ಮುನ್ನ ಭೇದಿ ಔಷಧ ಕುಡಿಯುವ ಕ್ರಮ

ಕೊಲೊನೋಸ್ಕೋಪಿ ಎಂದರೆ ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಭಾಗವನ್ನು ನೋಡುವ ಪರೀಕ್ಷೆ. ಕರುಳಿನಲ್ಲಿ ಮಲ ಉಳಿದಿದ್ದರೆ ಸಣ್ಣ ಪಾಲಿಪ್‌ಗಳು (ಒಳಗೋಡೆಯಲ್ಲಿ ಬೆಳೆಯುವ ಗಂಟುಗಳು) ಕ್ಯಾಮೆರಾದ ಕಣ್ಣಿಗೆ ಬೀಳದೆ ಹೋಗಬಹುದು. ಕೆಲವೊಮ್ಮೆ ಪರೀಕ್ಷೆಯನ್ನೇ ಮುಂದೂಡಬೇಕಾಗುತ್ತದೆ. ಆದ್ದರಿಂದ ಹಿಂದಿನ ಒಂದೆರಡು ದಿನ ರಾಗಿಮುದ್ದೆ, ಸೊಪ್ಪಿನ ಸಾರು, ಕಾಳು, ಸೀಬೆಹಣ್ಣುಗಳನ್ನು ಬಿಟ್ಟು ಬಿಳಿ ಅನ್ನ, ಮೊಸರು, ಇಡ್ಲಿಯಂತಹ ನಾರು ಕಡಿಮೆಯಿರುವ ಆಹಾರವನ್ನು ಸೇವಿಸಬೇಕು. ಸಕ್ಕರೆ ಕಾಯಿಲೆಯ ಔಷಧ, ರಕ್ತ ತೆಳುವಾಗಿಸುವ ಮಾತ್ರೆ ಮತ್ತು ಕಬ್ಬಿಣಾಂಶದ ಮಾತ್ರೆಗಳನ್ನು ಯಾವಾಗ ನಿಲ್ಲಿಸಬೇಕೆಂದು ದಿನಾಂಕ ಗೊತ್ತಾದ ಕೂಡಲೇ ವೈದ್ಯರನ್ನು ಕೇಳಬೇಕು, ತಾವಾಗಿಯೇ ನಿಲ್ಲಿಸಬಾರದು.

ಸಾಮಾನ್ಯವಾಗಿ ಬರೆದುಕೊಡುವ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಭೇದಿ ಔಷಧದ ಪುಡಿಯನ್ನು ಪೊಟ್ಟಣದ ಮೇಲೆ ಸೂಚಿಸಿದಷ್ಟೇ ನೀರಿನಲ್ಲಿ, ಹೆಚ್ಚಿನವುಗಳಲ್ಲಿ 2 ಲೀಟರಿನಲ್ಲಿ, ಕರಗಿಸಬೇಕು. ಅರ್ಧವನ್ನು ಹಿಂದಿನ ಸಂಜೆ, ಉಳಿದರ್ಧವನ್ನು ಪರೀಕ್ಷೆಗೆ 4ರಿಂದ 6 ಗಂಟೆ ಮೊದಲು ಆರಂಭಿಸಿ, 10-15 ನಿಮಿಷಕ್ಕೊಮ್ಮೆ ಒಂದು ಲೋಟದಂತೆ ಕುಡಿಯುವುದು ರೂಢಿ. ನಸುಕಿನಲ್ಲೇ ಏಳಬೇಕಾದೀತೆಂದು ಎರಡನೆಯ ಕಂತನ್ನು ತಪ್ಪಿಸುವವರು ಹಿಂದಿನ ಸಂಜೆಯ ಶ್ರಮವನ್ನೂ ಬಹುಪಾಲು ಕಳೆದುಕೊಳ್ಳುತ್ತಾರೆ. ಉಪ್ಪುಪ್ಪಾದ, ಲೋಳೆಯಂತಹ ಅದರ ರುಚಿ ಹಿತವಲ್ಲ ಎಂಬುದು ನಿಜ. ಫ್ರಿಜ್ಜಿನಲ್ಲಿಟ್ಟು ತಂಪಾಗಿ, ಸ್ಟ್ರಾ ಹಾಕಿ ಕುಡಿದರೆ ಸಹ್ಯವಾಗುತ್ತದೆ. ವಾಕರಿಕೆ ಬಂದರೆ ಅರ್ಧ ಗಂಟೆ ನಿಲ್ಲಿಸಿ ಮುಂದುವರಿಸಬಹುದು. ಕೊನೆಗೆ ಹೋಗುವುದು ಗಷ್ಟಿಲ್ಲದ, ತಿಳಿಹಳದಿ ನೀರಾಗಿದ್ದರೆ ಕರುಳು ಸ್ವಚ್ಛವಾಗಿದೆಯೆಂದು ತಿಳಿಯಬಹುದು. ಕಂದು, ಕದಡಿದ ಬಣ್ಣವಿದ್ದರೆ ಆಸ್ಪತ್ರೆಗೆ ಫೋನ್ ಮಾಡಬೇಕು.

ಹೆಚ್ಚು ಜನ ಎಡವುವುದು ನೀರಿನ ವಿಷಯದಲ್ಲಿ. ಭೇದಿಯೊಂದಿಗೆ ಲವಣಗಳೂ ಹೊರಹೋಗುವುದರಿಂದ ಬರಿಯ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಕುಸಿದು ತಲೆನೋವು, ಗೊಂದಲ ಕಾಣಿಸಬಹುದು. ಒಂದು ಲೀಟರ್ ನೀರಿಗೆ ಬೆರೆಸುವ ಓಆರ್‌ಎಸ್ ಪೊಟ್ಟಣ, ಸೋಸಿದ ಎಳನೀರು, ಬೇಳೆ ತರಕಾರಿಗಳಿಲ್ಲದ ತಿಳಿಸಾರು, ಹಾಲಿಲ್ಲದ ಚಹಾ ಮುಂತಾದ ತಿಳಿಪಾನೀಯಗಳನ್ನು (ಆರಪಾರ ಕಾಣುವ ದ್ರವಗಳನ್ನು) ಸರದಿಯಂತೆ ಸೇವಿಸುವುದು ಉತ್ತಮ. ಫಿಲ್ಟರ್ ಕಾಫಿಗೆ ಹಾಲು ಬೀಳುವುದರಿಂದ ಅದು ತಿಳಿಪಾನೀಯವಲ್ಲ. ಬೀಟ್‌ರೂಟ್, ದ್ರಾಕ್ಷಿ ರಸಗಳ ಕೆಂಪು ಒಳಗೆ ರಕ್ತದ ಭ್ರಮೆ ಹುಟ್ಟಿಸಬಹುದಾದ್ದರಿಂದ ಅವೂ ಬೇಡ. ಮೂತ್ರಪಿಂಡದ ತೊಂದರೆಯಿರುವವರು ಪೊಟ್ಯಾಸಿಯಂ ಹೆಚ್ಚಿರುವ ಎಳನೀರನ್ನೂ, ವೈದ್ಯರು ಹೇಳದೆ ಸೋಡಿಯಂ ಫಾಸ್ಫೇಟ್ ಇರುವ ಭೇದಿ ಔಷಧವನ್ನೂ ತೆಗೆದುಕೊಳ್ಳಬಾರದು. ಹೃದಯ ವೈಫಲ್ಯವಿರುವವರು ದ್ರವದ ಮಿತಿಯನ್ನು ಮೊದಲೇ ಕೇಳಿಕೊಳ್ಳಬೇಕು.

ವೈಟ್‌ಫೀಲ್ಡ್‌ನಿಂದ ಜಯನಗರದ ಆಸ್ಪತ್ರೆಗೆ ಹೊರಡುವವರು ಸಿಲ್ಕ್ ಬೋರ್ಡ್ ಸುತ್ತಿನ ಟ್ರಾಫಿಕ್ಕನ್ನು ಲೆಕ್ಕಕ್ಕೆ ತೆಗೆದುಕೊಂಡು, ಕೊನೆಯ ಲೋಟ ಮುಗಿದು ಶೌಚದ ಒತ್ತಡ ಇಳಿಯುವಷ್ಟು ಬಿಡುವಿರುವಂತೆ ಸಮಯ ಹೊಂದಿಸಿಕೊಳ್ಳಬೇಕು. ಪರೀಕ್ಷೆಗೆ 2 ಗಂಟೆ ಮೊದಲು, ಅಥವಾ ಅರಿವಳಿಕೆ ವೈದ್ಯರು ಹೇಳಿದ ಹೊತ್ತಿಗೆ, ಎಲ್ಲ ಪಾನೀಯಗಳನ್ನೂ ನಿಲ್ಲಿಸಬೇಕು. ನಡುವೆ ಕಣ್ಣು ಕತ್ತಲಿಟ್ಟರೆ, ನಿಲ್ಲದ ವಾಂತಿ ಅಥವಾ ತೀವ್ರ ಹೊಟ್ಟೆನೋವು ಬಂದರೆ, ಮೂತ್ರವೇ ಆಗದಿದ್ದರೆ ಔಷಧವನ್ನು ನಿಲ್ಲಿಸಿ ತಕ್ಷಣ ವೈದ್ಯರನ್ನು ಕಾಣಬೇಕು.