ಬೆಟ್ಟದ ನೆತ್ತಿಯ ಊರುಗಳು ಮತ್ತು ನನ್ನ 300 ಮೀಟರ್

ಧಾರವಾಡದ ನಮ್ಮ ಮನೆಯ ಗೇಟಿನಿಂದ ಓಣಿಯ ಕೊನೆಯ ಬೇವಿನ ಮರದವರೆಗೆ 300 ಮೀಟರ್ ಆಗುತ್ತದೆ. ಎಡಗಾಲಿಗೆ ಕ್ಯಾಲಿಪರ್ ಎಂಬ ಉಕ್ಕಿನ ಪಟ್ಟಿಯ ಆಸರೆ ತೊಟ್ಟು, ಬಲಗೈಯಲ್ಲಿ ಊರುಗೋಲು ಹಿಡಿದು ನಾನು ಎಲ್ಲಿಯೂ ಕೂರದೆ ನಡೆಯಬಲ್ಲ ದೂರ ಅಷ್ಟೇ. ಮೆಟ್ಟಿಲಾದರೆ, ಹಿಡಿಯಲು ಕಂಬಿ ಇದ್ದಾಗ ಇಪ್ಪತ್ತು, ಇಲ್ಲದಿದ್ದಾಗ ಐದಾರು. ಎರಡನೆಯ ವರ್ಷಕ್ಕೆ ಪೋಲಿಯೊ ಬಂದ ಕಾಲು ಇದು. ಐವತ್ತಾರು ವರ್ಷಗಳ ಒಡನಾಟದಲ್ಲಿ ಅದರ ಲೆಕ್ಕವೆಲ್ಲ ನನಗೆ ಗೊತ್ತು. ಇಟಲಿಯ ಉಂಬ್ರಿಯಾ ಪ್ರಾಂತ್ಯದಲ್ಲಿ ಬೆಟ್ಟದ ನೆತ್ತಿಯ ಮೇಲಿರುವ ಹಳೆಯ ಊರುಗಳನ್ನು ನೋಡಬೇಕೆಂಬ ಆಸೆ ಹುಟ್ಟಿದಾಗ ನಾನು ಮೊದಲು ಮಾಡಿದ ಕೆಲಸವೆಂದರೆ ಈ ಎರಡು ಅಂಕಿಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡದ್ದು.

ನೋಡಿಬಂದವರು ಹೆದರಿಸಿದ್ದೇ ಹೆಚ್ಚು. ಎಲ್ಲವೂ ಏರು, ಎಲ್ಲವೂ ಕಲ್ಲುಹಾಸು, ನಿಮಗೆ ಆಗುವುದಿಲ್ಲ ಎಂದರು. ಆದರೆ ಅವರು ಊರಿನ ಎತ್ತರ ಹೇಳುತ್ತಿದ್ದರೇ ಹೊರತು, ಕಾರು ನಿಲ್ಲುವ ಜಾಗದಿಂದ ಊರಿನ ನಡುವಿನ ಚೌಕಕ್ಕೆ ಎಷ್ಟು ದೂರ ಎಂದು ಯಾರೂ ಹೇಳಲಿಲ್ಲ. ಬೆಟ್ಟವನ್ನು ಕಾರು ಹತ್ತುತ್ತದೆ. ನಾನು ಹತ್ತಬೇಕಾದದ್ದು ಕೊನೆಯ ತುಣುಕನ್ನು ಮಾತ್ರ. ಹಾಗಾಗಿ ಊರುಗಳನ್ನು ಅವುಗಳ ಹೆಸರಿನಿಂದ ಆರಿಸದೆ, ಪಾರ್ಕಿಂಗ್ ಜಾಗಗಳಿಂದ ಆರಿಸಿದೆ.

ಉಂಬ್ರಿಯಾದಲ್ಲಿ ಇದಕ್ಕೊಂದು ಅನುಕೂಲವಿದೆ. ಕಿರಿದಾದ ಹಳೆಯ ಬೀದಿಗಳಿಗೆ ಕಾರುಗಳು ನುಗ್ಗದಿರಲಿ ಎಂದು ಅಲ್ಲಿನ ಹಲವು ಊರುಗಳು ಬುಡದಲ್ಲಿಯೇ ಪಾರ್ಕಿಂಗ್ ಕಟ್ಟಿಸಿ, ಅಲ್ಲಿಂದ ಮೇಲಕ್ಕೆ ಎಸ್ಕಲೇಟರ್ ಅಥವಾ ಲಿಫ್ಟ್ ಹಾಕಿವೆ. ಪೆರುಜಾ ನಗರದಲ್ಲಿ 1983ರಿಂದ ಇರುವ ಎಸ್ಕಲೇಟರ್ 16ನೇ ಶತಮಾನದ ಕೋಟೆಯೊಂದರ ಒಡಲಿನೊಳಗೇ ಹಾದುಹೋಗುತ್ತದೆ. ಪೋಪ್ ಮೂರನೆಯ ಪಾಲ್ ಆ ಕೋಟೆ ಕಟ್ಟಿಸುವಾಗ ಕೆಳಗೆ ಹೂತುಹೋದ ಮನೆ, ಓಣಿಗಳ ನಡುವೆ ಸಾಗಿ ಮೇಲಿನ ಚೌಕಕ್ಕೆ ಬಂದು ನಿಲ್ಲುತ್ತೇವೆ. ಅಂಗವಿಕಲರಿಗೆಂದು ಮಾಡಿದ ವ್ಯವಸ್ಥೆಯಲ್ಲ ಅದು, ಆದರೂ ನನಗೆ ಒದಗಿತು. ಧಾರವಾಡದಲ್ಲಿ ಕುಳಿತೇ ಪ್ರತಿ ಊರಿನ ಬೀದಿಯ ಚಿತ್ರಗಳನ್ನು ಗೂಗಲ್ ನಕ್ಷೆಯಲ್ಲಿ ಒಂದೊಂದು ಹೆಜ್ಜೆಯಾಗಿ ನೋಡಿದೆ. ಕಂಬಿ ಯಾವ ಬದಿಗಿದೆ, ನಡುವೆ ಕೂರಲು ಕಟ್ಟೆಯಿದೆಯೇ, ಇಳಿಜಾರು ಎಲ್ಲಿ ಶುರುವಾಗುತ್ತದೆ ಎಂದು ಬರೆದುಕೊಂಡೆ. ಮೊಣಕಾಲು ಬಿಗಿದ ಕ್ಯಾಲಿಪರ್‌ನಲ್ಲಿ ನನಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಇದು ಎರಡು ಕಾಲೂ ಗಟ್ಟಿಯಿರುವವರ ಅಂದಾಜಿಗೆ ಬರುವುದಿಲ್ಲ.

ಇನ್ನು ಕಾರು. ನನ್ನ ಎಡಗಾಲು ಕ್ಲಚ್ ತುಳಿಯುವುದಿಲ್ಲ, ಆಟೊಮ್ಯಾಟಿಕ್ ಗಾಡಿಯೇ ಬೇಕು. ಭಾರತದ ಲೈಸೆನ್ಸಿನ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಇರಬೇಕು. ನಮ್ಮ ಆರ್‌ಟಿಒ ಕಚೇರಿಯಲ್ಲಿಯೇ ಅದನ್ನು ಕೊಡುತ್ತಾರೆ, ಗರಿಷ್ಠ ಒಂದು ವರ್ಷ ನಡೆಯುತ್ತದೆ. ಆಟೊಮ್ಯಾಟಿಕ್ ಎಂದು ಸ್ಪಷ್ಟವಾಗಿ ನಮೂದಿಸಿ ತಿಂಗಳುಗಳ ಮೊದಲೇ ಕಾಯ್ದಿರಿಸಿದ್ದೆ. ಆದರೂ ರೋಮ್ ವಿಮಾನ ನಿಲ್ದಾಣದ ಬಾಡಿಗೆ ಕಾರಿನ ಕೌಂಟರಿನಲ್ಲಿ ಗೇರು ಹಾಕುವ ಗಾಡಿಯ ಕೀಲಿ ನೀಡಿದರು. ಇದಕ್ಕಿಂತ ದೊಡ್ಡ ಗಾಡಿ ಕೊಡುತ್ತಿದ್ದೇವೆ, ಸಂತೋಷಪಡಿ ಎಂಬ ಧಾಟಿಯಲ್ಲಿ ಮಾತಾಡಿದರು. ನಾನು ಪ್ಯಾಂಟಿನ ಅಂಚು ಎತ್ತಿ ಕ್ಯಾಲಿಪರ್‌ನ ಉಕ್ಕಿನ ಪಟ್ಟಿ ತೋರಿಸಬೇಕಾಯಿತು. ಐವತ್ತೆಂಟನೆಯ ವಯಸ್ಸಿನಲ್ಲಿ, ನೂರು ಜನರ ಸಾಲಿನ ಮುಂದೆ, ಹಣ ಕೊಟ್ಟು ಕಾಯ್ದಿರಿಸಿದ ವಸ್ತುವಿಗಾಗಿ ಕಾಲು ತೋರಿಸಬೇಕಾಗಿ ಬಂದದ್ದು ಈಗಲೂ ನೋಯುತ್ತದೆ. ಎರಡು ಗಂಟೆಯ ಮೇಲೆ ಸರಿಯಾದ ಗಾಡಿ ಬಂತು. ನನ್ನಂತೆ ಹೊರಡುವವರು ಆಟೊಮ್ಯಾಟಿಕ್ ಬಿಟ್ಟು ಬೇರೆಯದು ಓಡಿಸಲಾಗದು ಎಂದು ವಾರದ ಮೊದಲೇ ಬರೆದು ತಿಳಿಸಿ, ಅವರ ಉತ್ತರವನ್ನು ಮುದ್ರಿಸಿಟ್ಟುಕೊಳ್ಳಬೇಕು.

ಅಲ್ಲಿನ ಕಾರಿನಲ್ಲಿ ಚಾಲಕನ ಸೀಟು ಎಡಕ್ಕೆ. ಅದು ನನ್ನ ಕಾಲಿಗೆ ಏನು ಮಾಡುತ್ತದೆ ಎಂದು ನಾನು ಮೊದಲು ಯೋಚಿಸಿಯೇ ಇರಲಿಲ್ಲ. ಊರಿನಲ್ಲಿ ಬಲಬಾಗಿಲಿನಿಂದ ಕೂತು, ಎಡಗಾಲನ್ನು ಮೊದಲು ಒಳಕ್ಕೆ ಎತ್ತಿಟ್ಟು, ಬಲಗಾಲನ್ನು ಹಿಂದಿನಿಂದ ತರುತ್ತೇನೆ. ಅಲ್ಲಿ ಎಲ್ಲವೂ ತಿರುವುಮುರುವು. ಸೀಟಿನ ಮೇಲೆ ಅಡ್ಡ ಕೂತು, ಬಲಗಾಲನ್ನು ಒಳಗಿಟ್ಟು, ನೆಟ್ಟಗೆ ಹೊರಗೆ ಚಾಚಿದ ಎಡಗಾಲಿನ ಕ್ಯಾಲಿಪರ್ ಬೀಗವನ್ನು ಮೊಣಕಾಲಿನ ಎರಡೂ ಬದಿಗೆ ಬಿಡಿಸಿ, ಎರಡು ಕೈಯಲ್ಲಿ ಕಾಲನ್ನು ಎತ್ತಿ ಒಳಕ್ಕೆ ತರಬೇಕು. ಅದಕ್ಕೆ ಬಾಗಿಲು ಪೂರ್ತಿ ತೆರೆಯಬೇಕು. ಹೀಗಾಗಿ ಪಾರ್ಕಿಂಗಿನಲ್ಲಿ ಎಡಬದಿ ಖಾಲಿ ಇರುವ ಸಾಲಿನ ತುದಿಯ ಜಾಗವನ್ನೇ ಹುಡುಕುತ್ತಿದ್ದೆ. ಬೆಳಿಗ್ಗೆ ಒಂಬತ್ತರ ಒಳಗೆ ಹೋದರೆ ಅಂಥದು ಸಿಗುತ್ತದೆ, ಆಮೇಲೆ ಕಷ್ಟ.

ಅಂಗವಿಕಲರಿಗೆ ಮೀಸಲಾದ ಹಳದಿ ಗೆರೆಯ ಜಾಗಗಳು ಎಲ್ಲೆಡೆ ಇವೆ, ಆದರೆ ಅವು ಯುರೋಪಿನ ನೀಲಿ ಪರವಾನಗಿ ಚೀಟಿ ಇರುವವರಿಗೆ. ಯುಡಿಐಡಿ ಎಂಬ ನಮ್ಮ ಅಂಗವಿಕಲರ ಗುರುತಿನ ಕಾರ್ಡನ್ನು ಗಾಜಿನ ಹಿಂದೆ ಇಟ್ಟು ಅಲ್ಲಿ ನಿಲ್ಲಿಸುವ ಧೈರ್ಯ ನಾನು ಮಾಡಲಿಲ್ಲ. ನೀಲಿ ಗೆರೆಯೆಂದರೆ ಹಣ ಕೊಟ್ಟು, ಬಿಳಿ ಗೆರೆಯೆಂದರೆ ಸಾಮಾನ್ಯವಾಗಿ ಪುಕ್ಕಟೆ. ಇವುಗಳಿಗಿಂತ ಮುಖ್ಯವಾದದ್ದು ಸಂಚಾರ ನಿರ್ಬಂಧಿತ ವಲಯ, ಅವರ ಮಾತಿನಲ್ಲಿ 'ಜೋನಾ ಟ್ರಾಫಿಕೊ ಲಿಮಿಟಾಟೊ'. ಬಿಳಿ ವೃತ್ತಕ್ಕೆ ಕೆಂಪು ಅಂಚಿನ ಫಲಕ, ಪಕ್ಕದಲ್ಲಿ ಕ್ಯಾಮೆರಾ. 'ವಾರ್ಕೊ ಆಟ್ಟಿವೊ' ಎಂದು ದೀಪ ಬೆಳಗಿದ್ದರೆ ಅನುಮತಿ ಇಲ್ಲದ ಗಾಡಿ ಒಳಗೆ ಹೋಗುವಂತಿಲ್ಲ. ಹೋದರೆ ದಂಡದ ಚೀಟಿ ತಿಂಗಳುಗಳ ನಂತರ ಮನೆಗೆ ಬರುತ್ತದೆ, ಬಾಡಿಗೆ ಸಂಸ್ಥೆ ತನ್ನ ಶುಲ್ಕವನ್ನು ಬೇರೆ ಮುರಿದುಕೊಳ್ಳುತ್ತದೆ. ನಕ್ಷೆಯಲ್ಲಿ ಊರಿನ ಹೆಸರು ಹಾಕಿದರೆ ಅದು ನೇರ ಆ ಫಲಕದೊಳಗೇ ಕರೆದೊಯ್ಯಬಹುದು. ಪಾರ್ಕಿಂಗ್ ಜಾಗದ ಹೆಸರನ್ನೇ ಹಾಕಿ. ನನಗೆ ಒಂದು ಬಾರಿ ಮಾತ್ರ ಫಲಕ ಎದುರಾಯಿತು, ಹಿಂದಕ್ಕೆ ತೆಗೆದೆ.

ಉಳಿದುಕೊಂಡದ್ದು ಬೆಟ್ಟದ ಮೇಲಿನ ಕೋಟೆಯೊಳಗಲ್ಲ, ಒರ್ವಿಯೇಟೊ ಎಂಬ ಊರಿನ ಹತ್ತಿರದ ಒಂದು ತೋಟದ ಮನೆಯಲ್ಲಿ. ನೆಲಮಹಡಿ ಎಂದು ಬರೆದಿದ್ದರೂ ಬಾಗಿಲಿಗೆ ಮೂರು ಮೆಟ್ಟಿಲು ಇರುವುದುಂಟು. ಹಾಗಾಗಿ ಕಾರಿನಿಂದ ಹಾಸಿಗೆಯವರೆಗೆ 'ಕ್ವಾಂತಿ ಗ್ರಾದಿನಿ', ಅಂದರೆ ಎಷ್ಟು ಮೆಟ್ಟಿಲು ಎಂದು ಕೇಳಿ, ಬಾಗಿಲಿನ ಫೋಟೊ ತರಿಸಿಕೊಂಡ ಮೇಲೆಯೇ ಹಣ ಕಟ್ಟಿದ್ದು. ಆ ಮನೆಯಾಕೆ ಹಂಚಿನ ಮೇಲೆ ಬೇಯಿಸಿದ ದಪ್ಪ ರೊಟ್ಟಿಯ ಒಳಗೆ ಸೊಪ್ಪಿನ ಪಲ್ಯ ತುಂಬಿ ಕೊಡುತ್ತಿದ್ದರು, ಅದಕ್ಕೆ 'ತೋರ್ತಾ ಅಲ್ ತೆಸ್ತೊ' ಎನ್ನುತ್ತಾರೆ. ನಾವು ಒಯ್ದಿದ್ದ ಶೇಂಗಾ ಚಟ್ನಿಪುಡಿ ಅದಕ್ಕೆ ಹೇಳಿ ಮಾಡಿಸಿದಂತಿತ್ತು.

ಒರ್ವಿಯೇಟೊ ಜ್ವಾಲಾಮುಖಿಯ ಮೆದುಗಲ್ಲಿನ ದಿಬ್ಬದ ಮೇಲೆ ಕುಳಿತಿದೆ. ಮೊದಲ ದಿನ ಕಾಂಪೊ ದೆಲ್ಲಾ ಫಿಯೇರಾ ಎಂಬ ಪಾರ್ಕಿಂಗಿನಲ್ಲಿ ನಿಲ್ಲಿಸಿ ಲಿಫ್ಟಿನಲ್ಲಿ ಏರಿದೆ. ಏರಿದ್ದು ಸುಲಭ, ಆದರೆ ಅಲ್ಲಿಂದ ಮಹಾಮಂದಿರದವರೆಗಿನ, ಅಂದರೆ ಊರಿನ ದೊಡ್ಡ ಚರ್ಚಿನವರೆಗಿನ, ನಡಿಗೆ ನನ್ನ 300 ಮೀಟರನ್ನು ಮೀರಿತು. ನಾಲ್ಕು ಸಲ ಕೂತೆ. ಮರುದಿನ ಕೆಳಗಿನ ರೈಲು ನಿಲ್ದಾಣದ ಬಳಿ ಕಾರು ಬಿಟ್ಟು, ಎದುರಿನ ಹಗ್ಗದ ರೈಲಿನಲ್ಲಿ (ಉಕ್ಕಿನ ಹಗ್ಗ ಹಳಿಯ ಮೇಲೆ ಎಳೆಯುವ ಗಾಡಿ) ಮೇಲೆ ಹೋಗಿ, ಅಲ್ಲಿಂದ ಸಣ್ಣ ಬಸ್ಸಿನಲ್ಲಿ ಮಂದಿರದ ಚೌಕದಲ್ಲೇ ಇಳಿದೆ. ಅದೇ ಊರು, ಎರಡು ಬಾಗಿಲು. ಸರಿಯಾದ ಬಾಗಿಲು ಗೊತ್ತಾಗಲು ಒಂದು ದಿನ ಹೋಯಿತು. 1290ರಲ್ಲಿ ಶುರುವಾದ ಆ ಮಂದಿರದ ಗೋಡೆಗಳು ಬಿಳಿ ಮತ್ತು ಕಪ್ಪು ಕಲ್ಲಿನ ಪಟ್ಟೆ ಪಟ್ಟೆ. ಎದುರಿನ ಕಲ್ಲುಕಟ್ಟೆಯ ಮೇಲೆ ಕೂತು, ಮುಂಗೋಡೆಯ ಬಂಗಾರದ ಚಿತ್ರಗಳ ಮೇಲೆ ಮಧ್ಯಾಹ್ನದ ಬಿಸಿಲು ಸರಿಯುವುದನ್ನು ಎರಡು ತಾಸು ನೋಡಿದೆ. ಓಡಾಡುವವರು ಹತ್ತು ನಿಮಿಷಕ್ಕೆ ಫೋಟೊ ತೆಗೆದು ಹೋಗುತ್ತಿದ್ದರು.

ಹಗ್ಗದ ರೈಲಿನ ತುದಿಯಲ್ಲೇ ಸಂತ ಪ್ಯಾಟ್ರಿಕ್‌ನ ಬಾವಿ ಇದೆ. 16ನೇ ಶತಮಾನದ್ದು, 53 ಮೀಟರ್ ಆಳ. ಇಳಿಯುವ ಹೇಸರಗತ್ತೆ ಏರುವ ಹೇಸರಗತ್ತೆಗೆ ಎದುರಾಗದಂತೆ ಎರಡು ಸುರುಳಿ ದಾರಿ, ಒಂದೊಂದಕ್ಕೆ 248 ಮೆಟ್ಟಿಲು. ಹೆಂಡತಿಯನ್ನು ಕಳಿಸಿ ನಾನು ಪಕ್ಕದ ಕೋಟೆಯ ತೋಟದಲ್ಲಿ ಕೂತೆ. ಬಂದವಳು, "ಮೆಟ್ಟಿಲು ಅಗಲ, ತಗ್ಗು ಇವೆ ರೀ, ಆದರೆ ಕೂರಲು ಜಾಗವಿಲ್ಲ," ಎಂದಳು. ನಾನು ಕೇಳುವ ಮೊದಲೇ ನನಗೆ ಬೇಕಾದದ್ದನ್ನು ನೋಡಿಕೊಂಡು ಬಂದಿದ್ದಳು.

ತೋಡಿ ಎಂಬ ಊರಿನಲ್ಲಿ ಪೋರ್ತಾ ಒರ್ವಿಯೆತಾನಾ ಪಾರ್ಕಿಂಗಿನಿಂದ ಓರೆಯಾಗಿ ಏರುವ ಲಿಫ್ಟ್ ಇದೆ. ಅಲ್ಲಿ ತೊಂದರೆಯಾಗಲಿಲ್ಲ. ಆದರೆ ಅಷ್ಟರಲ್ಲಿ ಊರುಗೋಲಿನ ತುದಿಯ ರಬ್ಬರ್ ಸವೆದು ಒಳಗಿನ ಲೋಹ ಕಾಣತೊಡಗಿತ್ತು. ಮಳೆ ಹನಿದ ಕಲ್ಲುಹಾಸಿನ ಮೇಲೆ ಅದು ಜಾರಿದ ಕ್ಷಣ ಎದೆ ಧಸಕ್ ಎಂದಿತು. ಚೀಲದಲ್ಲಿ ಹೊಸ ರಬ್ಬರ್ ಎರಡು ಇದ್ದವು, ಅಲ್ಲೇ ಕೂತು ಬದಲಿಸಿದೆ. ಇನ್ನೂ ಎರಡು ಒಯ್ಯಬೇಕಿತ್ತು.

ಚಿವಿತಾ ದಿ ಬಾನ್ಯೊರೇಜೊ ಎಂಬ ಊರಿಗೆ ಮಾತ್ರ ಯಾವ ಲಿಫ್ಟೂ ಇಲ್ಲ. ಸುತ್ತಲಿನ ಮಣ್ಣು ಶತಮಾನಗಳಿಂದ ಕುಸಿದು ಒಂಟಿಯಾಗಿ ನಿಂತ ಗುಡ್ಡ ಅದು. ಉದ್ದನೆಯ ಕಾಲುಸೇತುವೆಯೊಂದೇ ದಾರಿ, ಅದರ ಕೊನೆ ಕಡಿದಾದ ಏರು. ಹೋಗುವಾಗ ಏರಾದದ್ದು ಬರುವಾಗ ಇಳಿಜಾರು ತಾನೇ. ನಾನು ಹೋಗಲಿಲ್ಲ. ನನ್ನನ್ನು ಬಿಟ್ಟು ಹೋಗಲು ಒಪ್ಪದ ಹೆಂಡತಿಯನ್ನು ಹಟ ಹಿಡಿದು ಕಳಿಸಿದೆ. ಎದುರಿನ ದಿಬ್ಬದ ಕಟಾಂಜನ ಹಿಡಿದು ನಿಂತು ನೋಡಿದರೆ ಅವಳ ಇಳಕಲ್ ಸೀರೆಯ ಕೆಂಪು ಸೆರಗು ಸೇತುವೆಯ ಮೇಲೆ ಚುಕ್ಕಿಯಾಗುತ್ತಾ ಹೋಗಿ ಕಲ್ಲಿನ ಬಾಗಿಲೊಳಗೆ ಮರೆಯಾಯಿತು. ದುಃಖವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಕೊನೆಯ ದಿನ ಪಕ್ಕದ ಟಸ್ಕನಿ ಪ್ರಾಂತ್ಯದ ಪಿಯೆಂಜಾ. ಎರಡನೆಯ ಪಯಸ್ ಎಂಬ ಪೋಪ್ ತಾನು ಹುಟ್ಟಿದ ಹಳ್ಳಿಯನ್ನು 1459ರಿಂದ ಹೊಸದಾಗಿ ಕಟ್ಟಿಸಿದ ಪುಟ್ಟ ಊರು. ದಿಬ್ಬದ ಮೇಲಿದ್ದರೂ ಒಳಗಿನ ಮುಖ್ಯ ಬೀದಿ ಹೆಚ್ಚುಕಡಿಮೆ ಸಮತಟ್ಟು. ಬೀದಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕೂರದೆ ನಡೆದೆ. ಕೋಟೆಗೋಡೆಯ ಪಕ್ಕದ ದಾರಿಯಲ್ಲಿ, ಕಣಿವೆಯಾಚೆ ಆಮಿಯಾತಾ ಪರ್ವತ ಕಾಣುವ ಕಡೆ, ತಿರುಗಿ ನೋಡಿದರೆ ಹೆಂಡತಿ ಇನ್ನೂ ಒಂದು ಚೀಸ್ ಅಂಗಡಿಯ ಮುಂದೆ ಇದ್ದಳು. "ರೀ, ಸ್ವಲ್ಪ ನಿಲ್ಲಿ," ಎಂದು ಕೂಗಿದಳು. ನಿಂತೆ.